ಸಾಕ್ಷಿ, ಜಾಮೀನು ಮತ್ತು ಒಂದು ಮೇಕೆ

ನಾನು ಇಪ್ಪತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದವಳು. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿಯ ಮೇಲೊಂದು ಸಣ್ಣ ಆಫೀಸು, ಹಲಸೂರಿನಲ್ಲಿ ಮನೆ. ನೆಂಟರು ಬಂದಾಗಲೆಲ್ಲ ಒಂದೇ ಪ್ರಶ್ನೆ: "ದಿನಾ ಕಳ್ಳಕಾಕರ ಮಧ್ಯೆ ಇರ್ತೀಯಲ್ಲ, ಭಯ ಆಗಲ್ವಾ?" ಭಯಕ್ಕಿಂತ ಕಷ್ಟದ್ದು ಬೇರೆ ಇತ್ತು. ನ್ಯಾಯಾಧೀಶರ ಮುಂದೆ ನಗುವ ಹಾಗಿಲ್ಲ. ವಾರಕ್ಕೊಂದಾದರೂ ನಗು ಬರಿಸುವಂಥದ್ದು ನಡೆಯುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಂಡ ನಗುವನ್ನು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ನಗುತ್ತಿದ್ದೆ. ಕಂಡಕ್ಟರ್‌ಗಳಿಗೆ ನನ್ನ ಮೇಲೆ ಏನೋ ಅನುಮಾನ ಇದ್ದೇ ಇತ್ತು.

ಜಾಮೀನುದಾರ

ತೊಂಬತ್ತರ ದಶಕದ ಮಾತು. ಕೆ.ಆರ್. ಪುರದ ಕಡೆ ಅಣ್ಣ ತಮ್ಮ ಇಬ್ಬರು, ಇಬ್ಬರಿಗೂ ಅರವತ್ತು ದಾಟಿದೆ. ಹೊಲದ ಬದುವಿನ ವಿಷಯಕ್ಕೆ ಜಗಳವಾಗಿ ತಮ್ಮ ದೊಣ್ಣೆ ಬೀಸಿದ್ದ. ಅಣ್ಣ ಸಿಟ್ಟಿನಲ್ಲಿ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟ. ಪೊಲೀಸರು ಮಾರನೇ ದಿನ ತಮ್ಮನನ್ನು ಕೋರ್ಟಿಗೆ ಕರೆತಂದರು. ತಮ್ಮನ ಪರ ನಾನು ಜಾಮೀನು ಅರ್ಜಿ ಹಾಕಿದೆ. ನ್ಯಾಯಾಧೀಶರು ಒಪ್ಪಿದರು, ಆದರೆ ಒಬ್ಬ ಜಾಮೀನುದಾರ ಬೇಕು ಅಂದರು. ಕೇಸಿಗೆ ಕರೆದಾಗ ಆರೋಪಿ ತಪ್ಪದೆ ಬರುತ್ತಾನೆ ಅಂತ ಹೊಣೆ ಹೊರುವ ಮನುಷ್ಯ.

ಆಗ ತಲೆಗೆ ದೊಡ್ಡ ಬ್ಯಾಂಡೇಜು ಸುತ್ತಿಕೊಂಡ ಒಬ್ಬರು ಪಹಣಿ ಹಿಡಿದುಕೊಂಡು ಮುಂದೆ ಬಂದರು.

"ತಲೆಗೆ ಏನಾಯ್ತು?" ಅಂತ ನ್ಯಾಯಾಧೀಶರು ಕೇಳಿದರು.

"ಇವನೇ ಹೊಡೆದಿದ್ದು ಸ್ವಾಮಿ."

ನ್ಯಾಯಾಧೀಶರು ಫೈಲು ನೋಡಿದರು, ಬ್ಯಾಂಡೇಜು ನೋಡಿದರು. "ದೂರು ಕೊಟ್ಟೋರು ನೀವೇ ಅಲ್ವೇನ್ರೀ? ನೀವೇ ಜಾಮೀನು ಕೊಡೋದಾ?"

"ದೂರು ಕೊಟ್ಟಿದ್ದು ನಿನ್ನೆ ಸ್ವಾಮಿ. ಇವತ್ತು ಅವನಿಗೆ ಶುಗರ್ ಮಾತ್ರೆ ತಪ್ಪೋಗಿದೆ. ಬೆಳಗ್ಗಿಂದ ಏನೂ ತಿಂದಿಲ್ಲ, ಮುಖ ನೋಡಿ."

ಎಲ್ಲರೂ ತಮ್ಮನ ಮುಖ ನೋಡಿದೆವು. ಅವನು ತಲೆ ತಗ್ಗಿಸಿ ನಿಂತಿದ್ದ.

"ಹೊರಗೆ ಬಂದ್ಮೇಲೆ ಸಾಕ್ಷಿಗಳನ್ನ ಬೆದರಿಸಲ್ಲ ಅಂತ ಏನು ಗ್ಯಾರಂಟಿ?"

"ಸಾಕ್ಷಿ ಇರೋನು ನಾನೊಬ್ಬನೇ ಸ್ವಾಮಿ," ಅಂದರು ಅಣ್ಣ. "ಒಂದ್ಸಲ ಮನೆಗೆ ಬರಲಿ, ನಾನೇ ಅವನನ್ನ ಬೆದರಿಸ್ತೀನಿ."

ಪ್ರಮಾಣ

ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಒಂದು ಹೊಡೆದಾಟಕ್ಕೆ ಸಾಕ್ಷಿ. ಕಟಕಟೆ ಹತ್ತಿದಳು. ಕ್ಲರ್ಕು ಪ್ರಮಾಣ ಬೋಧಿಸಿದ: "ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ."

ಅವಳು ಬಾಯಿ ತೆರೆದವಳು ಮುಚ್ಚಿಕೊಂಡಳು. "ಎಲ್ಲಾ ವಿಷಯಕ್ಕೂ ಸತ್ಯಾನೇ ಹೇಳ್ಬೇಕಾ ಸಾರ್, ಇಲ್ಲಾ ಈ ಕೇಸಿಗೆ ಮಾತ್ರನಾ?"

"ಯಾಕಮ್ಮಾ?" ಅಂದರು ನ್ಯಾಯಾಧೀಶರು.

ಅವಳು ದನಿ ತಗ್ಗಿಸಿದಳು. "ಹಿಂದ್ಗಡೆ ಬೆಂಚಲ್ಲಿ ನಮ್ಮತ್ತೆ ಕೂತವ್ರೆ."

ಮಾತಾಡದಿರುವ ಹಕ್ಕು

ಹಲಸೂರಿನ ಒಂದು ಗಲ್ಲಿಯಲ್ಲಿ ಯಾರೋ ಒಬ್ಬ ಅಜ್ಜಿಯನ್ನು ತಳ್ಳಿ ಕೈಚೀಲ ಕಿತ್ತುಕೊಂಡು ಓಡಿದ್ದ. ಚೀಲದಲ್ಲಿದ್ದದ್ದು ಕನ್ನಡಕ ಮತ್ತು ಅರ್ಧ ಡಜನ್ ಬಾಳೆಹಣ್ಣು. ಅನುಮಾನದ ಮೇಲೆ ಪೊಲೀಸರು ಒಬ್ಬನನ್ನು ಹಿಡಿದರು. ಇಪ್ಪತ್ತೈದರ ಪ್ರಾಯ, ಹೆಂಡತಿ ತುಂಬು ಬಸುರಿ. ಅವನಿಗೆ ವಕೀಲೆ ನಾನು. ಚೀಲವೂ ಸಿಕ್ಕಿರಲಿಲ್ಲ, ಬೇರೆ ಸಾಕ್ಷಿಯೂ ಇರಲಿಲ್ಲ. ಅಜ್ಜಿ ಗುರುತು ಹಿಡಿದರೆ ಶಿಕ್ಷೆ, ಇಲ್ಲದಿದ್ದರೆ ಬಿಡುಗಡೆ. ನಾನು ಅವನಿಗೆ ಹತ್ತು ಸಲ ಹೇಳಿದ್ದೆ: "ಆರೋಪಿಗೆ ಮಾತಾಡದೆ ಇರೋ ಹಕ್ಕಿದೆ ಕಣಪ್ಪ. ಅದಕ್ಕಿಂತ ದೊಡ್ಡ ಹಕ್ಕು ನಿನಗಿಲ್ಲ. ಬಾಯಿ ಬಿಡಬೇಡ."

ಅಜ್ಜಿ ಬಂದರು. ಸರ್ಕಾರಿ ವಕೀಲರು ಆರೋಪಿಯನ್ನು ತೋರಿಸಿ ಕೇಳಿದರು, "ನಿಮ್ಮ ಚೀಲ ಕಿತ್ಕೊಂಡೋನು ಇವನೇನಾ?"

ಅಜ್ಜಿ ಅವನ ಹತ್ತಿರಕ್ಕೇ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. "ಗೊತ್ತಾಗ್ತಿಲ್ಲಪ್ಪ. ಸಂಜೆ ಹೊತ್ತು. ಮುಖ ನೋಡಲಿಲ್ಲ ನಾನು. ಸುಮ್ನೆ ಇವನೇ ಅಂತ ಹೆಂಗೆ ಹೇಳಲಿ? ಯಾರ ಮಗನೋ ಏನೋ."

ನನ್ನೆದೆ ಹಗುರಾಯಿತು. ಕೇಸು ಮುಗಿದ ಹಾಗೇ. ಅಜ್ಜಿ ತಿರುಗಿ ಕುಂಟುತ್ತಾ ಹೊರಟರು. ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಹಿಂದಿನಿಂದ ನನ್ನ ಕಕ್ಷಿದಾರನ ದನಿ ಬಂತು.

"ಅಜ್ಜಿ, ಅವತ್ತು ಮೊಣಕಾಲು ಕಲ್ಲಿಗೆ ಬಡೀತಲ್ಲ, ಇನ್ನೂ ವಾಸಿ ಆಗಿಲ್ವಾ?"

ಅಜ್ಜಿ ನಿಂತು ತಿರುಗಿದರು. "ಚಳಿ ಬಂದ್ರೆ ನೋಯುತ್ತೆ ಕಣಪ್ಪ," ಅಂದರು, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ. ಅವನು ಅಲ್ಲೇ ಅತ್ತುಬಿಟ್ಟ. ಆಮೇಲೆ ತಾನೇ ತಪ್ಪು ಒಪ್ಪಿಕೊಂಡ. ಅಜ್ಜಿ "ಬಿಟ್ಬಿಡಿ ಸ್ವಾಮಿ, ಹೆಂಡ್ತಿ ಬಸುರಿಯಂತೆ" ಅಂತ ಕೈಮುಗಿದರು. ಅವನ ಮೇಲೆ ಹಿಂದೆ ಯಾವ ಕೇಸೂ ಇರಲಿಲ್ಲವಾಗಿ, ನ್ಯಾಯಾಧೀಶರು ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು.

ಕಳಿಸುವ ಮುಂಚೆ ನನ್ನ ಕಡೆ ತಿರುಗಿ, "ವಕೀಲರೇ, ಆರೋಪಿಗೆ ಮಾತಾಡದೆ ಇರೋ ಹಕ್ಕಿದೆ ಅಂತ ಇವನಿಗೆ ತಿಳಿಸಿರಲಿಲ್ವಾ?" ಅಂದರು.

"ತಿಳಿಸಿದ್ದೆ ಸರ್," ಅಂದೆ. "ಅಜ್ಜಿಯಂದಿರ ಮುಂದೆ ಅದು ನಡೆಯಲ್ಲ ಅಂತ ನನಗೇ ಗೊತ್ತಿರಲಿಲ್ಲ."

ಮುದ್ದೆಮಾಲು

ಶಿವಾಜಿನಗರದ ಒಬ್ಬ ಬಟ್ಟೆ ವ್ಯಾಪಾರಿ, ವಯಸ್ಸಾದ ಸಾಹೇಬರು, ಬಕ್ರೀದಿಗೆ ಅಂತ ಎರಡು ತಿಂಗಳು ಮುಂಚೆಯೇ ಒಂದು ಮೇಕೆ ತಂದು ಮನೆ ಮುಂದೆ ಕಟ್ಟಿದ್ದರು. ಅದು ಕಳುವಾಯಿತು. ಕದ್ದವನು ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಹತ್ತಿರ ಮೇಕೆ ಸಮೇತ ಸಿಕ್ಕಿಬಿದ್ದ. ಕಳುವಿನ ಕೇಸಿನಲ್ಲಿ ಸಿಕ್ಕ ವಸ್ತುವಿಗೆ ಕೋರ್ಟಿನ ಭಾಷೆಯಲ್ಲಿ ಮುದ್ದೆಮಾಲು ಅನ್ನುತ್ತಾರೆ. ಈ ಮುದ್ದೆಮಾಲು ಎರಡು ದಿನ ಪೊಲೀಸ್ ಸ್ಟೇಷನ್ನಿನಲ್ಲಿದ್ದು, ಗೋಡೆಗೆ ಅಂಟಿಸಿದ್ದ ಎರಡು ನೋಟೀಸು ತಿಂದಿತು.

ಸಾಹೇಬರ ಪರ ನಾನು ಅರ್ಜಿ ಹಾಕಿ ಮೇಕೆ ಬಿಡಿಸಿಕೊಟ್ಟೆ. ಆದರೆ ಬಾಂಡ್ ಬರೆದುಕೊಡಬೇಕಾಯಿತು. ಕೇಸು ಮುಗಿಯುವವರೆಗೂ ಮಾರಬಾರದು, ಯಾರಿಗೂ ಕೊಡಬಾರದು, ಕೋರ್ಟು ಕರೆದಾಗ ಈಗಿರುವ ಸ್ಥಿತಿಯಲ್ಲೇ ಹಾಜರುಪಡಿಸಬೇಕು.

ಹಬ್ಬದ ಹಿಂದಿನ ವಾರ ಸಾಹೇಬರು ಬಂದರು. "ಮೇಡಂ, ಈಗಿರುವ ಸ್ಥಿತಿ ಅಂದ್ರೆ?"

"ಜೀವಂತವಾಗಿ ಸಾಹೇಬ್ರೇ."

"ಅಚ್ಛಾ," ಅಂದು ಹೋಗಿ ಬೇರೆ ಮೇಕೆ ತಂದರು.

ಕೇಸು ಮೂರು ವರ್ಷ ಎಳೆಯಿತು. ಅಷ್ಟರಲ್ಲಿ ಅವರ ಮೊಮ್ಮಗಳು ಸ್ಕೂಲಿಗೆ ಸೇರಿ ಕನ್ನಡ ಕಲಿತಳು. ಅಜ್ಜನ ಬಾಯಲ್ಲಿ ಮುದ್ದೆಮಾಲು, ಮುದ್ದೆಮಾಲು ಅಂತ ಕೇಳಿ ಕೇಳಿ ಮೇಕೆಗೆ 'ಮುದ್ದು' ಅಂತಲೇ ಹೆಸರಿಟ್ಟಳು. ಅವಳು ಹೋಂವರ್ಕ್ ಬರೆಯುವಾಗ ಅದು ಪಕ್ಕದಲ್ಲೇ ಕೂತಿರುತ್ತಿತ್ತಂತೆ.

ಕಡೆಗೂ ತೀರ್ಪು ಬಂತು. ಕಳ್ಳನಿಗೆ ಶಿಕ್ಷೆ, ಮೇಕೆ ಸಾಹೇಬರಿಗೆ. "ಗೆದ್ರಿ ಸಾಹೇಬ್ರೇ," ಅಂದೆ. "ಇನ್ಮೇಲೆ ಮೇಕೆ ಪೂರ್ತಿ ನಿಮ್ಮದು. ಕೋರ್ಟಿನ ಅಡ್ಡಿ ಇಲ್ಲ."

ಸಾಹೇಬರ ಮುಖ ಬಾಡಿತು. ಕುರ್ಚಿ ಎಳೆದುಕೊಂಡು ಕೂತರು.

"ಮೇಡಂ, ಹಬ್ಬಕ್ಕೆ ಹದಿನೈದೇ ದಿನ ಇದೆ. ಮನೇಲಿ ದೊಡ್ಡೋರೆಲ್ಲ ಈ ಸಲ ಅದನ್ನೇ ಅಂತಿದ್ದಾರೆ. ಇಷ್ಟು ವರ್ಷ ಕೋರ್ಟು ಬಿಡಲ್ಲ ಅಂತ ಹೇಳ್ತಿದ್ದೆ. ಈಗ ಆ ಮಗೂಗೆ ಏನು ಹೇಳಲಿ?" ಟೋಪಿ ಸರಿಮಾಡಿಕೊಂಡು, "ಒಂದು ಅಪೀಲ್ ಹಾಕ್ಬಿಡಿ," ಅಂದರು.

"ಗೆದ್ದೋರು ಅಪೀಲ್ ಹಾಕೋಕೆ ಬರಲ್ಲ ಸಾಹೇಬ್ರೇ."

"ಹಾಗಾದ್ರೆ ಆ ಕಳ್ಳನನ್ನೇ ಕೇಳ್ಕೊತೀನಿ. ಒಳ್ಳೇ ಮನುಷ್ಯ, ನನಗೋಸ್ಕರ ಹಾಕ್ತಾನೆ."

ನನಗೆ ನಗು ಬಂತು. ಗೆದ್ದ ಖುಷಿಯಲ್ಲಿ ಹೇಳಲು ಮರೆತಿದ್ದ ಒಂದು ಮಾತೂ ನೆನಪಾಯಿತು. ಅಪೀಲಿಗೆ ಒಂದು ತಿಂಗಳ ಗಡುವು ಇರುತ್ತದೆ, ಅಲ್ಲಿಯವರೆಗೆ ಮುದ್ದೆಮಾಲನ್ನು ಹಾಗೇ ಇಟ್ಟುಕೊಂಡಿರಬೇಕು. ಇದು ಸುಳ್ಳಲ್ಲ, ಕಾನೂನೇ. ಅದನ್ನೇ ನನ್ನ ಲೆಟರ್‌ಹೆಡ್ಡಿನ ಮೇಲೆ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಸಾಹೇಬರು ಅದನ್ನು ಕಣ್ಣಿಗೊತ್ತಿಕೊಂಡು ಹೋದರು.

ನಾಲ್ಕು ವರ್ಷದ ಮೇಲೆ ಆ ಬೀದಿಯಲ್ಲಿ ಹೋಗುತ್ತಿದ್ದಾಗ ನೋಡಿದೆ, ಮನೆ ಮುಂದೆ ಮೇಕೆ. ಗಡ್ಡ ಬೆಳೆದಿತ್ತು, ಮುಕ್ಕಾಲು ಪಾಲು ಮುದುಕ. "ಸಾಹೇಬ್ರೇ, ನಾನು ಕೊಟ್ಟಿದ್ದು ಒಂದೇ ತಿಂಗಳಿಗಲ್ವಾ?" ಅಂದೆ.

ಅವರು ಒಳಗೆ ನಡುಮನೆಯ ಗೋಡೆ ತೋರಿಸಿದರು. ನನ್ನ ಪತ್ರಕ್ಕೆ ಕಟ್ಟು ಹಾಕಿಸಿ ಎತ್ತರದಲ್ಲಿ ನೇತು ಹಾಕಿದ್ದರು. "ಮನೇಲಿ ಕನ್ನಡ ಓದೋಕೆ ಬರೋದು ಮೊಮ್ಮಗಳಿಗೆ ಮಾತ್ರ, ಮೇಡಂ. ಪ್ರತಿ ವರ್ಷ ಹಬ್ಬದ ಮುಂಚೆ ಎಲ್ಲರನ್ನೂ ಕೂರಿಸಿ ಅವಳೇ ಓದಿ ಹೇಳ್ತಾಳೆ: ಕೋರ್ಟು ಇನ್ನೂ ಬಿಟ್ಟಿಲ್ಲವಂತೆ."