ಮಾಳಿಗೆಯ ಮೇಲೆ ಕಂಪ್ಯೂಟರ್

ಆ ಭಾನುವಾರ ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಜನರಿದ್ದೆವು. ಕಂಬಕ್ಕೆ ಒರಗಿ ಅವ್ವ, ಮೊರದಲ್ಲಿ ಜೋಳ ಹಸನು ಮಾಡುತ್ತ ನನ್ನ ಹೆಂಡತಿ ಅನ್ನಪೂರ್ಣ, ಎಲೆಅಡಿಕೆ ಚೀಲ ಬಿಚ್ಚಿ ಚಾಪೆಯ ಮೇಲೆ ಕುಳಿತ ಅವಳ ತಂದೆ, ಅಂದರೆ ಇಟ್ಟಿಗಿಯಲ್ಲಿ ಒಕ್ಕಲುತನ ಮಾಡುವ ನಮ್ಮ ಮಾವ, ಹಗರಿಬೊಮ್ಮನಹಳ್ಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ವಿರೂಪಾಕ್ಷಿ, ಮತ್ತು ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು. ನಮ್ಮ ನಡುವೆ ಹಳೆಯ ಪಂಚೆಯ ಮೇಲೆ ಎರಡು ಹಸಿರು ಹಲಗೆಗಳು, ಅವಳಿ ಕೂಸುಗಳಂತೆ ಮಲಗಿದ್ದವು. ಕಂಪ್ಯೂಟರಿನ ಮದರ್‌ಬೋರ್ಡುಗಳು. ಒಂದೊಂದರ ಎದೆಯ ಮೇಲೂ ಒಂದೊಂದು ಕಪ್ಪು ಪ್ರೊಸೆಸರ್. ಅವನ್ನು ವಿರೂಪಾಕ್ಷಿ ಬೆಂಗಳೂರಿನಿಂದ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದ. ಎರಡನ್ನೂ ಓಡಿಸಿ ನೋಡಿ, ಮನಸ್ಸಿಗೆ ಬಂದ ಜೋಡಿಯನ್ನು ಇಟ್ಟುಕೊಂಡು ಇನ್ನೊಂದನ್ನು ವಾರದೊಳಗೆ ತಿರುಗಿ ಕೊಡಬೇಕೆಂದು ಅಂಗಡಿಯವನ ಕರಾರು.

ನಾನು ಕನಸು ಕಾಣುವ ಜಾತಿಯ ಮನುಷ್ಯ. ತರಗತಿಯಲ್ಲಿ ತ್ರಿಕೋನ ಬರೆಯುತ್ತ ಬರೆಯುತ್ತ ಎಷ್ಟೋ ಸಲ ಅದರ ನೆರಳಿನಲ್ಲೇ ಕುಳಿತುಬಿಟ್ಟಿದ್ದೇನೆ, ಹುಡುಗರು ಕೆಮ್ಮಿ ಎಬ್ಬಿಸಬೇಕು. ಮನೆಯಲ್ಲೇ ಕಂಪ್ಯೂಟರ್ ಕಟ್ಟುವ ಹುಚ್ಚು ಹತ್ತಿದ ಮೇಲಂತೂ ಕೇಳಬೇಡಿ. ಆಗ ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಮನೆಯೇ ಒಂದು. ಆ ಹಸಿರು ಹಲಗೆಯನ್ನು ಮೇಲಿಂದ ನೋಡಿದರೆ ನನಗೆ ಅದೊಂದು ಊರಿನಂತೆ ಕಾಣುತ್ತಿತ್ತು. ತಾಮ್ರದ ಗೆರೆಗಳು ಓಣಿಗಳು, ಪುಟ್ಟ ಡಬ್ಬಿಗಳು ನೀರಿನ ಟ್ಯಾಂಕುಗಳು, ಸಾಲಾಗಿ ಕುಳಿತ ಚಿಪ್ಪುಗಳು ಸಂತೆಯಂಗಡಿಗಳು, ನಡುವೆ ಆ ಕಪ್ಪು ಪ್ರೊಸೆಸರ್ ಊರ ಗೌಡರ ಮನೆ. ಹೊತ್ತು ಮುಳುಗುವಾಗ ಆ ಓಣಿಗಳಲ್ಲಿ ಒಬ್ಬನೇ ತಿರುಗಾಡುತ್ತಿದ್ದೆ. ಯಾವ ಮನೆಯಲ್ಲೂ ನಾಯಿ ಬೊಗಳುತ್ತಿರಲಿಲ್ಲ.

ಆದರೆ ಈ ಹುಚ್ಚಿಗೊಂದು ಕಾರಣವೂ ಇತ್ತು. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಮಣ್ಣಲ್ಲಿ ಬೆರಳಾಡಿಸಿ ಅಕ್ಷರ ಕಲಿತವಳು, ಈಗ ಪತ್ರಿಕೆಯ ದೊಡ್ಡ ಅಕ್ಷರವೂ ಅವಳಿಗೆ ಇರುವೆಯ ಸಾಲು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಅವಳಿಗೆ ಅದರ ಮೇಲೆ ನಂಬಿಕೆ ಮಾತ್ರ ಇರಲಿಲ್ಲ. "ಕಣ್ಣು ಬರ್ತಾವೋ, ಇದ್ದದ್ದೂ ಹೊಕ್ಕಾವೋ, ಯಾರಿಗೆ ಗೊತ್ತು. ಅಷ್ಟ್ರಾಗ ಒಮ್ಮಿ ನನ್ನ ಹೆಸರು ನಾನಽ ಓದ್ಬೇಕಪ್ಪ" ಅಂದಿದ್ದಳು. ಕತ್ತಲಕೋಣೆಯಲ್ಲಿ ಬೆಳಕಿನ ಚುಕ್ಕಿಗಳಿಂದ ಗೇಣುದ್ದ ಅಕ್ಷರ ಬರೆದು ತೋರಿಸುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಅದನ್ನು ಮಾಡಿದವರ ಅಕ್ಷರಗಳೋ ಬೇಲಿಗೂಟದ ಹಾಗೆ ನೆಟ್ಟಗೆ, ನಮ್ಮವು ಜಿಲೇಬಿ. ಒಂದೊಂದು ಚುಕ್ಕಿಯ ಜಾಗವನ್ನೂ ನಾನೇ ಎಣಿಸಿ ಹೇಳಿಕೊಡಬೇಕು. ಯಂತ್ರ ನಡುವೆ ಒಮ್ಮೆ ಮರಗಟ್ಟಿತೆಂದರೆ ಅಷ್ಟೂ ಚುಕ್ಕಿ ಮಾಯ. ಆದ್ದರಿಂದ ನನಗೆ ಜಾಣ ಪ್ರೊಸೆಸರ್ ಬೇಕಿರಲಿಲ್ಲ, ನಡುದಾರಿಯಲ್ಲಿ ಕೈಬಿಡದ ಪ್ರೊಸೆಸರ್ ಬೇಕಿತ್ತು.

"ಇದು ಎಟಿ. ಕುದುರಿ ಇದ್ದಂಗ ಐತಲೇ ಮೇಷ್ಟ್ರಽ. ಇದು ಎಕ್ಸ್‌ಟಿ, ಹಳೇ ಕಾಲದ್ದು, ನಿನ್ನಂಗಽ ನಿಧಾನ" ಎಂದ ವಿರೂಪಾಕ್ಷಿ. ಅವನಿಗೆ ಕುದುರೆಯ ಮೇಲೇ ಕಣ್ಣು.

ಮಾವ ಎರಡನ್ನೂ ಕೈಗೆತ್ತಿಕೊಂಡರು. ಎತ್ತು ಆರಿಸುವುದರಲ್ಲಿ ಹಡಗಲಿ ತಾಲೂಕಿನಲ್ಲೇ ಅವರನ್ನು ಕೇಳಿ ಕೊಳ್ಳುವವರಿದ್ದರು. ಹಲ್ಲು, ಗೊರಸು, ಸುಳಿ ನೋಡುವ ಅಭ್ಯಾಸದಂತೆ ಹಲಗೆಯನ್ನು ಅಡಿಮೇಲು ಮಾಡಿ, ಪ್ರೊಸೆಸರಿನ ಬೆನ್ನು ಸವರಿ ಕೇಳಿದರು. "ಇವೆರಡಽ ಜೋಡೀನಽ ಏನ್ರಿ? ಇದರಾಗಿಂದು ಅದಕ್ಕ ಹೂಡಾಕ ಬರಂಗಿಲ್ಲೇನು?"

"ಬರಂಗಿಲ್ರಿ ಮಾವಾರ, ಪ್ರೊಸೆಸರಿನ ಕಾಲು ಕೂಡಂಗಿಲ್ಲ" ಎಂದೆ.

"ಹಂಗಾದ್ರ ಚಲೋ ಆತು. ಎತ್ತಿನ ಜೋಡಿ ಹೊಂದಸಾಕ ನಮ್ಮ ಅರ್ಧ ಆಯುಷ್ಯ ಹೊಕ್ಕೈತ್ರಿ. ಈಗ ಇವ್ನ ಬಿಸಿಲಿಗೆ ಒಯ್ರಿ."

ನಾನೂ ವಿರೂಪಾಕ್ಷಿಯೂ ಮುಖ ಮುಖ ನೋಡಿಕೊಂಡೆವು.

"ನೆರಳಾಗ ಕಟ್ಟಿದ್ರ ಸಂತ್ಯಾಗಿನ ಎಲ್ಲಾ ಎತ್ತೂ ಚಂದಽ ಕಾಣ್ತಾವ್ರಿ ಅಳಿಯಂದ್ರ. ನಾವು ಹಂಗ ತರಂಗಿಲ್ಲ. ಮಟಮಟ ಮಧ್ಯಾಹ್ನ ಹೇರು ಕಟ್ಟಿ ಹೊಡೀತೀವಿ. ಯಾವುದು ನಾಲಿಗಿ ಹೊರಗ ಹಾಕ್ತೈತಿ, ಯಾವುದು ಸುಮ್ನ ನಡೀತೈತಿ, ಅಲ್ಲಿ ತಿಳೀತೈತಿ."

ಇದನ್ನು ಕೇಳಿ ನಗಬೇಕಾಗಿದ್ದವನು ವಿರೂಪಾಕ್ಷಿ. ಏಕೆಂದರೆ ಕಂಪ್ಯೂಟರನ್ನು ತಂಪಿನಲ್ಲಿಡಬೇಕೆಂದು ನನಗೆ ಹತ್ತು ಸಲ ಹೇಳಿದವನು ಅವನೇ. ಅವನೋ ತಲೆ ಕೆರೆದುಕೊಂಡು, "ಮಾತಿನಾಗ ತೂಕ ಐತಲೇ" ಅಂದ. ನನಗೂ ಹಾಗೇ ಅನ್ನಿಸಿತು. ಕನಸುಗಾರರ ದೊಡ್ಡ ದೋಷವೆಂದರೆ ಇದೇ, ದೃಢವಾಗಿ ಮಾತಾಡುವವರು ಯಾರು ಸಿಕ್ಕರೂ ಅವರ ಹಿಂದೆ ಹೊರಟುಬಿಡುತ್ತೇವೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಯ ಬೆಳಕಿಂಡಿಯ ಪಕ್ಕ ತೂತು ಕೊರೆದು ವೈರನ್ನು ಮೇಲಕ್ಕೆಳೆದು, ಮಾಳಿಗೆಯ ಮೇಲೆ ಮೊದಲು ಎಟಿ ಹಲಗೆ, ಪರದೆ, ಕೀಬೋರ್ಡು ಎಲ್ಲವನ್ನೂ ಒಂದು ಬಾಗಿಲ ಪಡಿಯ ಮೇಲೆ ಜೋಡಿಸಿದೆವು. ಕೆಳಗಿನಿಂದ ಅನ್ನಪೂರ್ಣ, "ಸಾರಿನಾಗ ಮಣ್ಣು ಉದುರ್ತೈತ್ರಿ! ಇವತ್ತು ಅದನ್ನಽ ಉಣ್ರಿ" ಎಂದು ಕೂಗಿದಳು. ಬಿಸಿಲಿಗೆ ಪರದೆಯಲ್ಲಿ ಏನೂ ಕಾಣಲೊಲ್ಲದು. ಮಾವ ತಮ್ಮ ಕಂಬಳಿ ಕೊಟ್ಟರು. ನಾನು ಪರದೆಯೊಂದಿಗೆ ತಲೆಯನ್ನೂ ಕಂಬಳಿಯೊಳಗೆ ತೂರಿಸಿ ಕುಳಿತೆ. ಹೇರು ಯಾವುದು? ಅವ್ವನ ಹೆಸರೇ. ಕೊಟ್ರಮ್ಮ ಎಂದು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು.

ಕಂಬಳಿಯೊಳಗೆ ಕುರಿಯ ವಾಸನೆ, ಬೆವರು, ಕತ್ತಲು. ಆ ಕತ್ತಲಲ್ಲಿ ಒಂದೊಂದೇ ಹಸಿರು ಚುಕ್ಕಿ ಹುಟ್ಟುತ್ತಿತ್ತು. ಬೇಸಿಗೆಯಲ್ಲಿ ಇದೇ ಮಾಳಿಗೆಯ ಮೇಲೆ ಅವ್ವನ ಪಕ್ಕದಲ್ಲಿ ಮಲಗಿ ಚಿಕ್ಕೆ ಎಣಿಸುತ್ತಿದ್ದದ್ದು ನೆನಪಾಯಿತು. ಆಗ ಅವಳು ಯಾರಿಂದಲೋ ಕೇಳಿದ ಹಾಡುಗಳನ್ನು ಗುನುಗುತ್ತಿದ್ದಳು. ನನಗೆ ಬರುವ ನಾಲ್ಕು ಕನ್ನಡದ ಮಾತು ಹಾಗೆ ಕಿವಿಯಿಂದಲೇ ಒಳಗಿಳಿದದ್ದು. ನಾನು ಅಲ್ಲೆಲ್ಲೋ ತೇಲುತ್ತಿರುವಾಗಲೇ ಎಟಿ ಕುದುರೆ 'ಕೊ' ಬರೆದು, ಮುಂದಿನ ಅಕ್ಷರದ ಹೊಟ್ಟೆಯಲ್ಲಿ ಗಪ್ಪನೆ ನಿಂತುಬಿಟ್ಟಿತು. ಯಾವ ಗುಂಡಿ ಒತ್ತಿದರೂ ಉಸಿರಿಲ್ಲ.

"ಏನಾತ್ರಿ ಒಳಗ?" ಹೊರಗಿನಿಂದ ಮಾವನ ಧ್ವನಿ.

"ಮಲಗೈತ್ರಿ."

"ನಾ ಹೇಳ್ಲಿಲ್ಲ? ಬಿಚ್ರಿ ಅದನ್ನ, ಇನ್ನೊಂದ ಕಟ್ರಿ."

ಎಕ್ಸ್‌ಟಿ ಬರೆಯುವುದನ್ನು ನೋಡುವುದೆಂದರೆ ಮುದುಕರು ಮೆಟ್ಟಿಲು ಹತ್ತುವುದನ್ನು ನೋಡಿದಂತೆ. ನನ್ನ ಪ್ರೋಗ್ರಾಮೂ ನನ್ನ ಮಾತಿನಂತೆ ಸುತ್ತಿಬಳಸಿ ಹೋಗುವಂಥದ್ದು. ಒಂದು ಸಲ ಹೆಸರು ಮುಗಿಯುವುದರಲ್ಲಿ ವಿರೂಪಾಕ್ಷಿ ಚಹಾ ಕುಡಿದು ಮೇಲೆ ಬಂದ. ಆದರೆ ಅದು ನಿಲ್ಲಲಿಲ್ಲ. ನೆರಳು ಪಕ್ಕದ ಮನೆಯ ಗೋಡೆ ಮುಟ್ಟಿದರೂ ಬರೆಯುತ್ತಲೇ ಇತ್ತು. ನಿಲ್ಲುವ ಸ್ಥಿತಿಗೆ ಬಂದವನು ನಾನು, ಕಂಬಳಿಯಿಂದ ಎಳೆದು ತಲೆಗೆ ನೀರು ಹಾಕಿದರು. ಎಟಿಯನ್ನು ನೆರಳಿಗೆ ತಂದು ತಣ್ಣಗಾಗಿಸಿದ ಮೇಲೆ ಅದೂ ಸರಿಯಾಗಿ ಓಡಿತು, ಪಾಪ. ಆದರೂ ಒಮ್ಮೆ ನಾಲಿಗೆ ಹೊರಗೆ ಹಾಕಿದ್ದನ್ನು ಮಾವ ಮನೆಗೆ ಸೇರಿಸಲು ಒಪ್ಪಲಿಲ್ಲ. ವಿರೂಪಾಕ್ಷಿ ಹೆಂಡತಿಯನ್ನು ತವರಿಗೆ ಕಳಿಸುವವನ ಮುಖ ಮಾಡಿಕೊಂಡು ಅದನ್ನು ಪಂಚೆಯಲ್ಲಿ ಸುತ್ತಿದ.

ಸಂಜೆ ಕೋಣೆಯ ಬಾಗಿಲು ಮುಚ್ಚಿ ಅವ್ವನನ್ನು ಪರದೆಯ ಮುಂದೆ ಕೂರಿಸಿದೆವು. ಅವಳು ಒಂದೊಂದೇ ಅಕ್ಷರವನ್ನು ಬೆರಳಿನಿಂದ ತೀಡಿ, "ಕೊ...ಟ್ರ...ಮ್ಮ" ಎಂದು ಓದಿದಳು. ನಾನು ಹೊಗಳಿಕೆಗೆ ಕಾದು ನಿಂತೆ. ಅವಳು ಬೆರಳು ಹಿಂದಕ್ಕೆಳೆದುಕೊಂಡಳು.

"ಯಾಕವ್ವ, ಕಾಣ್ವಲ್ದೇನು?"

"ಕಾಣ್ತೈತಪ್ಪ, ಚಲೋ ಕಾಣ್ತೈತಿ. ಆದ್ರ ಇದು ಲಗ್ನದಾಗ ನಿಮ್ಮ ಮನಿಯವ್ರು ಇಟ್ಟದ್ದು. ನಾ ಮಣ್ಣಾಗ ಬರಿಯಾಕ ಕಲ್ತಿದ್ದು ಬ್ಯಾರೆ. ನೀಲಗುಂದದಾಗ ನಾನು ಹಾಲಮ್ಮ."

ನಮ್ಮ ಮನೆತನದಲ್ಲಿ ಸೊಸೆ ಗೊತ್ತಾದೊಡನೆ ಹೊಸ ಹೆಸರಿಡುವುದು ಪದ್ಧತಿ, ಅದು ನನಗೆ ಗೊತ್ತಿತ್ತು. ಆದರೆ ಅವ್ವನಿಗೂ ಮೊದಲೊಂದು ಹೆಸರು ಇದ್ದಿರಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವಳು ಅವ್ವನಾಗಿಯೇ ಹುಟ್ಟಿದವಳೆಂದು ತಿಳಿದಂತಿದ್ದೆ. ಮತ್ತೆ ಚುಕ್ಕಿ ಎಣಿಸಲು ಕುಳಿತೆ. ಎಕ್ಸ್‌ಟಿ ಬೇಸರಿಸಲಿಲ್ಲ. ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಕೊನೆಯ ಅಕ್ಷರ ಬಿತ್ತು. ಅವ್ವ ಗಾಜಿನ ಮೇಲೆ ಅಂಗೈಯಿಟ್ಟು, ಮನೆಗೆ ಬಂದ ಗೆಳತಿಯನ್ನು ಮಾತಾಡಿಸುವವಳಂತೆ, "ಬಾರವ್ವ ಹಾಲಮ್ಮ, ಎಲ್ಲಿದ್ದಿ ಇಷ್ಟು ದಿನ" ಅಂದಳು. ವಿರೂಪಾಕ್ಷಿ ಸುಮ್ಮಸುಮ್ಮನೆ ವೈರು ಸರಿಮಾಡತೊಡಗಿದ.

ಅವ್ವನಿಗೆ ಕಣ್ಣು ಬಂದವು. ಬಂದ ಕಣ್ಣಿನಿಂದ ಮೊದಲು ಕಂಡದ್ದು ಮಾಳಿಗೆಯಲ್ಲಿ ನಾವು ಮಾಡಿದ ತೂತು, ಅದು ಬೇರೆ ಮಾತು. ಮನೆಗೆ ಬಂದ ವಾರದ ಮೇಲೆ ಒಂದು ಮಧ್ಯಾಹ್ನ ಅನ್ನಪೂರ್ಣ ಸೆರಗಿಗೆ ಕೈ ಒರೆಸುತ್ತ ಕೋಣೆಗೆ ಬಂದಳು.

"ನಿಮ್ಮ ಯಂತ್ರ ಬಿಡುವೈತೇನ್ರಿ?"

"ಯಾಕ?"

"ನಂದೂ ಒಂದು ಬರೀರಿ. ಹಳೇದು."

"ಅದಕ್ಕೇನು!" ಎಂದು ಉತ್ಸಾಹದಿಂದ ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಪರದೆಯಲ್ಲಿ ಚುಕ್ಕಿ ಮಿಣಮಿಣ ಎನ್ನುತ್ತ ಕಾದಿತ್ತು. ಪ್ರೊಸೆಸರ್ ಸರಿಯಾಗಿತ್ತು, ಮದರ್‌ಬೋರ್ಡು ಸರಿಯಾಗಿತ್ತು, ಕರೆಂಟೂ ಇತ್ತು. ಮರಗಟ್ಟಿದ್ದವನು ನಾನು. ಲಗ್ನಪತ್ರಿಕೆಯಲ್ಲೇ ಹೊಸ ಹೆಸರು ಅಚ್ಚಾಗಿತ್ತು, ತವರಿನವರೆಲ್ಲ ಅವಳನ್ನು ಕೂಗುವುದು ತಂಗೀ ಎಂದು. ನಾನು ಕೇಳಿರಲೇ ಇಲ್ಲ. ಅವಳು ನನ್ನ ಬೆರಳುಗಳನ್ನು ನೋಡಿ, "ಇರ್ಲಿ ಬಿಡ್ರಿ, ಒಲಿ ಮ್ಯಾಲೆ ಬ್ಯಾಳಿ ಐತಿ" ಎಂದು ಹೋದಳು.

ಮರುದಿನ ಶಾಲೆಗೆ ರಜೆ ಹಾಕಿ ಹಡಗಲಿ ಬಸ್ಸು ಹತ್ತಿ ಇಟ್ಟಿಗಿಗೆ ಹೋದೆ. ಬಂದ ಕೆಲಸ ಹೇಳಿದಾಗ ಮಾವ ಎಲೆಅಡಿಕೆ ಚೀಲ ಕೆಳಗಿಟ್ಟರು. "ಎತ್ತು ತಂದ್ರೂ ಹಿಂದಿನವ್ರು ಏನಂತ ಕೂಗ್ತಿದ್ರು ಅಂತ ಕೇಳ್ಕೊಂಡ ತರ್ತೀವ್ರಿ ನಾವು" ಎಂದು, ಆಮೇಲೆ ಮೆಲ್ಲಗೆ ಹೇಳಿದರು: "ಗಿರಿಜಾ."

ಶನಿವಾರ ಸಂಜೆ ಅದು ಪರದೆಯ ಮೇಲೆ ಬಂದಿತು. ಅನ್ನಪೂರ್ಣ ಬಾಗಿಲಲ್ಲೇ ನಿಂತು ಓದಿದಳು. ಇನ್ನೊಮ್ಮೆ ಓದಿದಳು.

"ಭಾಳ ದಪ್ಪ ಬರದೀರಿ" ಅಂದಳು. "ಆ ಹೆಸರಿನಾಕಿ ತೆಳ್ಳಗಿದ್ಲು."

ನಾನು ಒಂದೊಂದೇ ಚುಕ್ಕಿ ಅಳಿಸತೊಡಗಿದೆ. ಅವಳು ಒಳಗೆ ಬಂದು ಪಕ್ಕದಲ್ಲಿ ಕುಳಿತಳು.