ಮಿಲ್ಲಿನ ಪ್ರಥಮ ಚಿಕಿತ್ಸೆ ಮೇಷ್ಟ್ರು

ಮರ್ಯಾದೆ ಅನ್ನೋದು ನನ್ನ ಹತ್ರ ಎಂದೂ ಎರಡು ದಿನ ನಿಂತಿಲ್ಲ ನೋಡ್ರಿ. ಜನರ ಮುಂದೆ ನಿಂತ್ರೆ ಸಾಕು, ಏನಾದ್ರೂ ಆಗೇ ಆಗ್ತದೆ. ಐವತ್ತರ ದಶಕದಾಗ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಾಗಿದ್ದೆ. ಧೂಳಿಗೆ ಕೆಮ್ಮು ಬಿಡ್ತಿರಲಿಲ್ಲ. ಮ್ಯಾನೇಜರ್ರು ಕರೆದು, "ಪ್ರಥಮ ಚಿಕಿತ್ಸೆ ಕಲ್ತು ಬಾ, ಜನರಿಗೆ ಕಲಿಸು. ಎಡವಟ್ಟಾತೋ, ಮತ್ತೆ ಧೂಳಿಗೇ" ಅಂದ್ರು.

೧. ಬೆನ್ನು

ಮೊದಲ ಪಾಠ ಮಿಲ್ಲಿನ ಅಂಗಳದಾಗೇ. ನೀರಾಗ ಮುಳುಗಿದೋನ್ನ ಬೋರಲು ಮಲಗಿಸಿ ಬೆನ್ನು ಒತ್ತೋದು ಆಗಿನ ಪದ್ಧತಿ. ಪಾಳಿ ಮುಗಿಸಿ ಬಂದ ಒಬ್ಬ ಕಾರ್ಮಿಕನ್ನ ಮಲಗಿಸಿ ಒತ್ತಿದೆ.

"ನೋಡ್ರಪ್ಪ, ಈಗ ಜೀವ ಬರ್ತದೆ" ಅಂದೆ.

ಮುಳುಗಿದೋನು ಬಾಯಿ ಬಿಟ್ಟ: "ಸ್ವಲ್ಪ ಕೆಳಗೆ ಒತ್ರಿ ಮೇಷ್ಟ್ರೇ... ಹಾಂ, ಅಲ್ಲೇ!"

ಮರುದಿನ ನಾನು ಬರೋದ್ರಾಗ ಅರ್ಧ ಮಿಲ್ಲೇ ಬೋರಲು ಮಲಗಿತ್ತು.

೨. ಕಟ್ಟಿ

ಆಮೇಲೆ ಹಳ್ಳಿಗಳಿಗೂ ಕಳಿಸಿದ್ರು. ಭಾನುವಳ್ಳಿ ಅನ್ನೋ ಊರಾಗ ಹಾವಿನ ಪಾಠ. ಕಡಿದ ಕಡೆ ಬಟ್ಟೆ ಬಿಗಿಯೋ ಕಾಲ ಅದು. ನಾನು ಶ್ಯಾಣ್ಯಾತನ ಮಾಡಿ ಪುಸ್ತಕದ ಭಾಷೆಯಾಗ, "ಹಾವು ಕಡಿದ ಜಾಗದ ಮೇಲೆ ಕಟ್ಟಿ" ಅಂತ ಹೇಳಿ ಬಂದೆ. ಅವರಿಗೆ ಕಟ್ಟಿ ಅಂದ್ರೆ ಕೂಡೋ ಕಟ್ಟೆ!

ತಿಂಗಳು ಬಿಟ್ಟು ಹೋದ್ರೆ ಊರ ಹಿರಿಯರು ಕೈ ಹಿಡಿದು ಕಾಲುವೆ ಏರಿ ಮ್ಯಾಲೆ ಕರ್ಕೊಂಡು ಹೋದ್ರು. ಆನೆ ಮಲಗೋ ಅಷ್ಟು ದೊಡ್ಡ ಕಲ್ಲಿನ ಕಟ್ಟಿ.

"ನೀವು ಹೇಳಿದಂಗೇ, ಕಡಿದ ಜಾಗದ ಮ್ಯಾಲೇ ಕಟ್ಟಿ ಕಟ್ಸೀವ್ರಿ."

ನಾನು ಸುತ್ತ ಕಣ್ಣಾಡಿಸಿದೆ. "ಕಡಿಸ್ಕೊಂಡೋನು ಎಲ್ರೀ?"

"ಕೇರೆ ಹಾವು ಬಿಡ್ರಿ. ಇದಕ್ಕೆ ಕಲ್ಲು ಹೊತ್ತೋನೇ ಅವನು. ಕೂಡ್ರಿ ಮೇಷ್ಟ್ರೇ, ನಾಚ್ಕಬ್ಯಾಡ್ರಿ. ಹಾವೂ ದಿನಾ ಇಲ್ಲೇ ಬಂದು ಬಿಸಿಲು ಕಾಯ್ತೈತೆ."

೩. ದವಡೆ

ಈ ಸುದ್ದಿ ಮ್ಯಾನೇಜರ್ ಕಿವಿಗೆ ಬಿತ್ತು. "ಹರಿಹರದ ಹೊಳಿ ದಂಡ್ಯಾಗ ಪ್ರದರ್ಶನ ಇಡು. ಮಾಲೀಕರೇ ನೋಡಾಕ ಬರ್ತಾರೆ. ಇದೇ ಕೊನೇದು" ಅಂದ್ರು.

ಹರಿಹರದ ನಾಲ್ಕು ಹುಡುಗರ ತಂಡ ಕಟ್ಟಿದೆ. "ಹುಣಸೆ ಮರದ ಕೆಳಗೆ ಕುರ್ಚಿ ಮ್ಯಾಲೆ ಒಬ್ಬ ದಪ್ಪನೆ ಆಸಾಮಿ ಕುಂತಿರ್ತಾನೆ. ಅವನಿಗೆ ದವಡೆ ಮುರಿದೈತೆ, ಕಾಲೂ ಮುರಿದೈತೆ ಅಂತ ತಿಳ್ಕೊಳ್ರಿ. ತಲೆಗೆ ಪೆಟ್ಟು ಬಿದ್ದೋನು, ಏನು ಬೈದ್ರೂ ಕಿವಿಗೆ ಹಾಕ್ಕೋಬ್ಯಾಡ್ರಿ" ಅಂದಿದ್ದೆ.

ಆ ಆಸಾಮಿ ಚಾ ಕುಡಿಯಾಕ ಎದ್ದು ಹೋದ. ನಾನು ಅವನ್ನ ಹುಡುಕಾಕ ಹೋದೆ. ಅಷ್ಟ್ರಾಗ ಮಾಲೀಕರು ಕಾರಿಳಿದು, ಬಿಸಿಲು ತಾಳಲಾರದೆ ಅದೇ ಕುರ್ಚಿ ಮ್ಯಾಲೆ ಕುಂತ್ರು. ಅವರೂ ದಪ್ಪ.

ಹುಡುಗರು ಅವರ ಮುಖ ಎಂದೂ ಕಂಡಿಲ್ಲ. ಹಾರಿ ಹಿಡಿದ್ರು.

"ಲೇ, ನಾನು ಮಿಲ್ ಮಾಲೀಕ ಕಣ್ರೋ!"

"ಪಾಪ, ತಲೆಗೆ ಜೋರಾಗೇ ಬಿದ್ದೈತೆ" ಅಂತ ಒಬ್ಬ ಬಟ್ಟೆ ಸುತ್ತಿ ದವಡೆ ಬಿಗಿದು ಕಟ್ಟಿದ. ಇಬ್ಬರು ಕಾಲಿಗೆ ಬಿದಿರು ಕಟ್ಟಿದ್ರು. ನಾಲ್ಕನೆಯೋನು ಜಟಕಾ ತಂದ, ಎತ್ತಿ ಹಾಕ್ಕೊಂಡು ಹೊಂಟ್ರು. ನಾನು ವಾಪಸ್ ಬರೋದ್ರಾಗ ಜಟಕಾ ಆಸ್ಪತ್ರೆ ಮುಟ್ಟಿತ್ತು.

ಏದುಸಿರು ಬಿಡ್ತಾ ಓಡಿದೆ. ಮಂಚದ ಮ್ಯಾಲೆ ಮಾಲೀಕರು, ಕಣ್ಣು ಕೆಂಡ. ಮಾತಿಲ್ಲ, ಬರೀ "ಮ್ಮ್! ಮ್ಮ್!" ಡಾಕ್ಟ್ರು ನನ್ನ ಕಡೆ ತಿರುಗಿ, "ನೀವ್ಯಾರು? ಇವರ ಕಡೆಯೋರಾ?" ಅಂದ್ರು.

ನೆಲ ಬಾಯಿ ಬಿಡಬಾರದಾ ಅನ್ನಿಸ್ತು. "ಇಲ್ರೀ, ಹಿಂಗೇ ದಾರಿಯಾಗ ಹೊಂಟಿದ್ದೆ" ಅಂದೆ.

ಹುಡುಗರ ಮುಂದಾಳು ಹಿಗ್ಗಿ ಮುಂದೆ ಬಂದ: "ನಾಚಿಕೆ ಸ್ವಭಾವ ಸಾರ್! ಇಷ್ಟೆಲ್ಲಾ ಕಲಿಸಿದ್ದು ನಮ್ಮ ಈ ಮೇಷ್ಟ್ರೇ!"

ಮಾಲೀಕರ "ಮ್ಮ್" ನಿಂತುಹೋತು. ನನ್ನನ್ನೇ ನೋಡಿದ್ರು. ಡಾಕ್ಟ್ರು ದವಡೆ ಕಟ್ಟು ಬಿಚ್ಚಾಕ ಕತ್ತರಿ ತಗೊಂಡ್ರು.

ಡಾಕ್ಟ್ರಿಗೆ ಕೈ ಮುಗಿದು ಹೇಳ್ದೆ: "ಸಾರ್, ಇನ್ನೊಂದು ವಾರ ಇರ್ಲಿ ಬಿಡ್ರಿ."