ಛಲಕ್ಕೊಂದು ಶಾಲು

ಬೆಳಿಗ್ಗೆ ಯಾಸ್ಮಿನ ಅಪ್ಪನನ್ನು ಕರೆತರಲು ಹೆಬ್ಬಳ್ಳಿಗೆ ಹೋದಳು. ಅವಳ ಗಂಡ ಜುಲ್ಫಿಕಾರ ತನ್ನ ಚಹಾ ತಾನೇ ಮಾಡಿಕೊಂಡು ಕುಡಿದ. ಅನರ್ಥ ಶುರುವಾದದ್ದು ಅಲ್ಲಿಂದ.

ಗ್ಯಾರೇಜಿನ ಬಾಗಿಲು ತೆರೆಯುವಷ್ಟರಲ್ಲಿ ಕೈ ನಡುಗತೊಡಗಿತು. ಸ್ಪ್ಯಾನರು ಕಾಲ ಮೇಲೆ ಬಿತ್ತು. ತಲೆಯೊಳಗೆ ಸೈಲೆನ್ಸರ್ ಕಿತ್ತ ಬುಲೆಟ್ ಗಾಡಿ ಓಡಾಡತೊಡಗಿತು. ಅದೂ ಎಂಥ ದಿನ! ಸಂಜೆ ಗೋಪನಕೊಪ್ಪದ ಓಣಿಯವರು ಅವನಿಗೆ ಶಾಲು ಹೊದಿಸುವವರಿದ್ದರು. ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ ಹುಟ್ಟಿದವನಂತಿದ್ದ ಜುಲ್ಫಿಕಾರ, "ಇನ್ನೊಮ್ಮೆ ತಂಬಾಕ ಮುಟ್ಟಿದರ ನಾ ತವರುಮನಿಗೆ ಹೋಗಾಕಿ" ಎಂದು ಹೆಂಡತಿ ಗುಡುಗಿದ ಮೇಲೆ ಅದನ್ನು ಬರೇ ಛಲದಿಂದ ಬಿಟ್ಟಿದ್ದ. ಹಾಗೆಂದು ಅವನೇ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

"ದೃಷ್ಟಿ ಆಗೇತಿ ನಿನಗ," ಎಂದು ಪಕ್ಕದ ಮನೆಯ ಗುಲ್ಜಾರಬಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು. ನಡುಕ ನಿಲ್ಲಲಿಲ್ಲ.

ಪಾನ್ ಅಂಗಡಿಯ ಬಸಣ್ಣ ಕಿವಿಯಲ್ಲಿ ಉಸುರಿದ. "ಒಂದ ಚಿಟಿಕಿ ಹಾಕ್ರಿ ಭಾಯಿ, ಎಲ್ಲಾ ಸರಳ ಆಕ್ಕೈತಿ."

"ಥೂ! ಮಾವಾರು ಬರಾಕತ್ತಾರ. ನನ್ನ ಸಂಸಾರ ಉಳಿಬೇಕೋ ಬ್ಯಾಡೋ?"

ಸಂಜೆ ವೇದಿಕೆಯ ಮೇಲೆ ಜುಲ್ಫಿಕಾರ ಜ್ವರ ಬಂದ ಕೋಳಿಯಂತೆ ಕುಳಿತಿದ್ದ. ಅಷ್ಟರಲ್ಲಿ ಯಾಸ್ಮಿನ ಅಪ್ಪ ಕಾಸಿಮಸಾಬರೊಡನೆ ಥರ್ಮಾಸು ಹಿಡಿದು ಬಂದಳು. ಎರಡು ಕಪ್ಪು ಚಹಾ ಒಳಗಿಳಿದದ್ದೇ ತಡ, ತಲೆಯೊಳಗಿನ ಬುಲೆಟ್ ನಿಂತಿತು. ಶಾಲು ಹೆಗಲೇರಿತು.

ಸಮಾರಂಭದ ಅತಿಥಿ ಡಾಕ್ಟರ್ ಸೌಂದರ್ಯಾ ಭಾಷಣಕ್ಕೆ ನಿಂತರು. "ನೂರು ವರ್ಷಕ್ಕೂ ಹಿಂದ ಅಮೇರಿಕಾದಾಗ ಮಾರ್ಫೀನಿನ ಚಟ ಬಿಡಸಾಕ ಕೊಕೇನು ಕೊಟ್ಟ ಡಾಕ್ಟರು ಇದ್ರು! ಅಫೀಮು ಬಿಡಸೋ ಔಷಧಿ ಅಂತ ಮಾರಿದ ಬಾಟಲಿ ಪರೀಕ್ಷೆ ಮಾಡಿದ್ರ ಒಳಗ ಏನಿತ್ತು ಹೇಳ್ರಿ? ಅಫೀಮು!"

ಎಲ್ಲರಿಗಿಂತ ಜೋರಾಗಿ ನಕ್ಕವನು ಜುಲ್ಫಿಕಾರ. "ಎಂಥಾ ಹುಚ್ಚ ಮಂದಿರಿ! ಛಲ ಬೇಕ್ರಿ, ಛಲ!"

ಡಾಕ್ಟರು ಮುಂದುವರಿಸಿದರು. "ಹೆಂಡಂದಿರು ಗಂಡಗ ಗೊತ್ತಾಗದಂಗ ಕಾಫಿಯೊಳಗ ಕುಡಿತ ಬಿಡಸೋ ಪುಡಿ ಹಾಕ್ತಿದ್ರು—"

ಮುಂದಿನ ಸಾಲಿನಲ್ಲಿ ಯಾಸ್ಮಿನ ಒಮ್ಮೆಲೇ ಎದ್ದುನಿಂತಳು. ಮುಖ ಸುಣ್ಣ ಬಳಿದಂತಾಗಿತ್ತು; ಕೈಯಲ್ಲೊಂದು ಪುಟ್ಟ ಪೊಟ್ಟಣವಿತ್ತು. "ಡಾಕ್ಟರ್ರೀ... ದುರ್ಗದಬೈಲ ಪ್ಯಾಟ್ಯಾಗ ತಂಬಾಕ ಬಿಡಸೋ ಪುಡಿ ಅಂತ ಒಬ್ಬಾಂವ ಕೊಟ್ಟಾನ್ರಿ. ದಿನಾ ಇವರ ಚಾದಾಗ ಶುಂಠಿ ಜೋಡಿ ಹಾಕೇನಿ. ಇದರಾಗ ಏನೈತ್ರಿ?"

ಜುಲ್ಫಿಕಾರ ಹೆಗಲ ಮೇಲಿನ ಶಾಲು ಮುಟ್ಟಿ ನೋಡಿಕೊಂಡ. ಹಾಗಾದರೆ ತನ್ನ ಛಲ?

ಡಾಕ್ಟರು ಕೈಚಾಚುವ ಮೊದಲೇ ಕಾಸಿಮಸಾಬರು ಪೊಟ್ಟಣ ಕಸಿದು ಮೂಸಿದರು. ಜೀವಮಾನವಿಡೀ ತಂಬಾಕಿನ ವಿರುದ್ಧ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ. ಅವರ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು.

"ನಿಪ್ಪಾಣಿ ತಂಬಾಕ! ಖರೇ ಮಾಲು!"



"ಅಬ್ಬಾ, ನಿಮಗ ಹೆಂಗ ಗೊತ್ತಾತು?" ಮಗಳು ಕೇಳಿದಳು.

ಕಾಸಿಮಸಾಬರು ಚಪ್ಪಲಿ ಹುಡುಕತೊಡಗಿದರು.

ಗುಲ್ಜಾರಬಿ ಬಿಟ್ಟಾಳೆಯೇ? "ಯಾಸ್ಮಿನ, ಈಗ ತವರಿಗೆ ನೀ ಹೋಗಾಕಿಯೋ, ನಿನ್ನ ಗಂಡನ್ನ ಕಳಸಾಕಿಯೋ?"

ಯಾಸ್ಮಿನ ಥರ್ಮಾಸನ್ನು ಎದೆಗವಚಿಕೊಂಡು ಗಂಡನ ಕಡೆ ನೋಡಿದಳು.

ಜುಲ್ಫಿಕಾರ ಶಾಲು ತೆಗೆದು, ಮಡಚಿ, ಡಾಕ್ಟರ ಕೈಗಿಟ್ಟ. ವೇದಿಕೆಯಿಂದಿಳಿದು ಹೆಂಡತಿಯ ಹತ್ತಿರ ಬಂದ. ಈಗ ಹೊಡೆದೇಬಿಡುತ್ತಾನೆಂದು ಓಣಿಯೆಲ್ಲ ಉಸಿರು ಬಿಗಿಹಿಡಿಯಿತು.

ಅವನು ಬಗ್ಗಿ, ಮೆಲ್ಲಗೆ ಕೇಳಿದ:

"ಇನ್ನೊಂದ ಕಪ್ಪು ಉಳದೈತೇನ?"